ಶೋರೂಮಿನ ಗೋಡೆಯವರ ಸನ್ನಿಧಾನಕ್ಕೆ

ಮಹಾಗೋಡೆಯವರೇ,

ಉಭಯ ಕುಶಲೋಪರಿ. ಇತ್ತ ನಮ್ಮ ನಡುಮನೆಯಲ್ಲಿ 42 ಇಂಚಿನ ಪ್ಲಾಸ್ಮಾ ಟೀವಿಯೊಂದು ಇನ್ನೂ ಜೀವ ಹಿಡಿದುಕೊಂಡಿದೆ. ಅತ್ತ ನಿಮ್ಮ ಮೈಮೇಲೆ ಸಾಲಾಗಿ ನೇತುಬಿದ್ದಿರುವ ಟೀವಿಗಳೆಲ್ಲ ಕ್ಷೇಮವೆಂದೂ, ಬಾಗಿಲು ತೆರೆದಾಗಿನಿಂದ ಶಟರ್ ಎಳೆಯುವವರೆಗೆ ಅವುಗಳಲ್ಲಿ ಅದೇ ಗಿಳಿ ಅದೇ ಕೊಂಬೆಯಿಂದ ಹಾರುತ್ತಿದೆಯೆಂದೂ, ಅದೇ ಜೇನುತುಪ್ಪ ಅದೇ ಚಮಚದಿಂದ ಇಳಿಯುತ್ತಿದೆಯೆಂದೂ ನಂಬಿದ್ದೇನೆ.

ಈ ಪತ್ರವನ್ನು ಟೀವಿ ಕಂಪನಿಗಳಿಗೆ ಬರೆಯಬಹುದಿತ್ತು. ಬರೆಯಲಿಲ್ಲ. ಯಾವ ಟೀವಿ ಬದುಕಬೇಕು, ಯಾವುದು ಗುಜರಿಗೆ ಹೋಗಬೇಕು ಎಂದು ತೀರ್ಪು ಕೊಡುವವರು ಅವರಲ್ಲ, ತಾವು. ಗಿರಾಕಿ ತಮ್ಮೆದುರು ಬಾಯಿ ತೆರೆದು ನಿಲ್ಲುವ ಐದು ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆಮೇಲೆ ಅವನು ಆ ಟೀವಿಯ ಮುಂದೆ ವರ್ಷಗಟ್ಟಲೆ ಕೂರುತ್ತಾನೆ ಎಂಬುದು ತಮಗೆ ಸಂಬಂಧಿಸಿದ ವಿಷಯವಲ್ಲ.

ಮೊದಲಿಗೆ, ಪ್ಲಾಸ್ಮಾದ ಮೇಲೆ ತಾವು ಹೊರಿಸಿರುವ ಆರೋಪಗಳನ್ನೆಲ್ಲ ತಕರಾರಿಲ್ಲದೆ ಒಪ್ಪಿಬಿಡುತ್ತೇನೆ. ಅದು ದಪ್ಪ. ಭಾರವಂತೂ ಕೇಳಬೇಡಿ: ಮನೆ ಬದಲಿಸುವಾಗ ಎತ್ತಲು ಇಬ್ಬರು ಬೇಕು, ಪಕ್ಕದಲ್ಲಿ ನಿಂತು ‘ಹುಷಾರು, ಹುಷಾರು’ ಎನ್ನಲು ಇನ್ನೊಬ್ಬರು ಬೇಕು. ಅದು ಬಿಸಿಯಾಗುತ್ತದೆ, ಮೈಸೂರಿನ ಡಿಸೆಂಬರಿಗೆ ಹಿತ, ರಾಯಚೂರಿನ ಏಪ್ರಿಲ್‌ನಲ್ಲಿ ಶಿಕ್ಷೆ. ಅದರ ಮುಂದಿನ ಗಾಜು ಹಗಲು ಹೊತ್ತಿನಲ್ಲಿ ಧಾರಾವಾಹಿಯ ನಾಯಕಿಯ ಜೊತೆಗೆ ನಮ್ಮ ಮುಖವನ್ನೂ ಉಚಿತವಾಗಿ ತೋರಿಸುತ್ತದೆ. ಸುದ್ದಿ ವಾಹಿನಿಯನ್ನು ದಿನವಿಡೀ ಹಾಕಿಟ್ಟರೆ ಅದರ ಲಾಂಛನ ಪರದೆಯ ಮೂಲೆಯಲ್ಲಿ ಅಚ್ಚೊತ್ತಿ ಕೂರುತ್ತದೆ. (ಈ ಕೊನೆಯ ಕಾಯಿಲೆ ತಮ್ಮ ಇಂದಿನ ಮುದ್ದಿನ ಓಲೆಡ್‌ಗೂ ಇದೆ. ಅಷ್ಟು ಹೇಳುವಾಗ ಮಾತ್ರ ತಮ್ಮ ಸೇಲ್ಸ್‌ನವರ ದನಿ ಸಣ್ಣದಾಗುತ್ತದೆ.) ಇನ್ನು ಕರೆಂಟು. 50 ಇಂಚಿನ ಪ್ಲಾಸ್ಮಾ ಸುಮಾರು 300 ವ್ಯಾಟ್ ಎಳೆಯುವಲ್ಲಿ ಅದೇ ಅಳತೆಯ ಎಲ್‌ಇಡಿ ದೀಪದ ಎಲ್‌ಸಿಡಿ ಟೀವಿ 100 ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ. ದಿನಕ್ಕೆ ನಾಲ್ಕು ಗಂಟೆ ನೋಡಿದರೆ ತಿಂಗಳಿಗೆ 24 ಯೂನಿಟ್ ಹೆಚ್ಚುವರಿ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಸಿಕ್ಕ ಉಚಿತ ಯೂನಿಟ್ಟುಗಳ ಗಡಿ ದಾಟಿಸಲು ಇಷ್ಟು ಸಾಕು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಬಿಲ್ಲು ಮಾತ್ರ ಇದೆ.

ಇಷ್ಟೆಲ್ಲ ಒಪ್ಪಿದ ಮೇಲೂ ಆ ಹಳೆಯ ಪೆಟ್ಟಿಗೆಯನ್ನು ಯಾಕೆ ಬಿಡುತ್ತಿಲ್ಲ ಎಂದು ತಾವು ಕೇಳಬಹುದು. ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬ್ಯಾಟಿಗೆ ತಾಗಿದ ಚೆಂಡು ಬೌಂಡರಿ ಕಡೆ ಓಡುತ್ತದೆ, ಕ್ಯಾಮೆರಾ ಅದರ ಬೆನ್ನು ಹತ್ತಿ ಹೊರಳುತ್ತದೆ. ಆ ಹೊರಳಿನಲ್ಲಿ ತಮ್ಮ ಟೀವಿಗಳ ಹುಲ್ಲನ್ನು ಒಮ್ಮೆ ನೋಡಿ. ನಿಂತಾಗ ಒಂದೊಂದು ಗರಿಕೆಯೂ ಎಣಿಸುವಂತೆ ಕಂಡದ್ದು ಕ್ಯಾಮೆರಾ ಕದಲಿದ ಕೂಡಲೇ ಹಸಿರು ಬಣ್ಣ ಬಳಿದ ಸಿಮೆಂಟಾಗುತ್ತದೆ. ಇದು ಕ್ಯಾಮೆರಾದ ತಪ್ಪಲ್ಲ. ಎಲ್‌ಸಿಡಿಯಾಗಲಿ ಓಲೆಡ್ ಆಗಲಿ, ಒಂದು ಚಿತ್ರ ಪರದೆಗೆ ಬಂದರೆ ಮುಂದಿನದು ಬರುವವರೆಗೆ ಅಲ್ಲೇ ಕದಲದೆ ನಿಂತಿರುತ್ತದೆ. ಕಣ್ಣು ನಿಲ್ಲುವುದಿಲ್ಲ, ಚೆಂಡಿನ ಹಿಂದೆ ಜಾರುತ್ತಲೇ ಇರುತ್ತದೆ. ನಿಂತ ಚಿತ್ರಕ್ಕೂ ಓಡುವ ಕಣ್ಣಿಗೂ ಬೀಳುವ ಈ ಜಗಳದಲ್ಲಿ ಎಲ್ಲದಕ್ಕೂ ಒಂದು ಬಾಲ ಮೂಡುತ್ತದೆ. ಎಲ್‌ಸಿಡಿಯಲ್ಲಿ ದ್ರವಹರಳುಗಳು ತಿರುಗಲು ತಡಮಾಡುವುದರಿಂದ ಆ ಬಾಲ ಇನ್ನಷ್ಟು ಉದ್ದ.

ಪ್ಲಾಸ್ಮಾದ ರೀತಿಯೇ ಬೇರೆ. ಒಂದು ಮಿಲಿಮೀಟರಿಗೂ ಚಿಕ್ಕದಾದ ಕೋಶಗಳು, ಒಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲ. ವೋಲ್ಟೇಜು ತಗುಲಿದರೆ ಅನಿಲ ಅತಿನೇರಳೆ ಕಿರಣ ಹೊಮ್ಮಿಸುತ್ತದೆ. ಆ ಕಿರಣ ಬಿದ್ದು ಕೋಶದೊಳಗೆ ಬಳಿದ ಕೆಂಪು, ಹಸಿರು ಅಥವಾ ನೀಲಿ ಫಾಸ್ಫರ್ ಬೆಳಗುತ್ತದೆ. ಬೆಳಗಿ ಆರುತ್ತದೆ, ಮತ್ತೆ ಹೊತ್ತುತ್ತದೆ. ಒಂದೇ ಫ್ರೇಮಿನೊಳಗೆ ಇದು ಹಲವು ಸಲ ನಡೆಯುತ್ತದೆ. ಚಿತ್ರ ನಿಲ್ಲದೆ ಮಿಡಿಯುವುದರಿಂದ ಕಣ್ಣಿನ ಓಟಕ್ಕೆ ಅದು ಅಡ್ಡ ಬರುವುದಿಲ್ಲ. ಚಲಿಸುವ ಪಟ್ಟೆಗಳಲ್ಲಿ ಎಷ್ಟು ಗೆರೆ ಬಿಡಿಬಿಡಿಯಾಗಿ ಕಾಣುತ್ತವೆ ಎಂದು ಅಳೆಯುವ ಪರೀಕ್ಷೆಯೊಂದಿತ್ತು. ಆ ಕಾಲದ ಸಾಮಾನ್ಯ 60 ಹರ್ಟ್ಸ್ ಎಲ್‌ಸಿಡಿಗಳಲ್ಲಿ 300–400 ಗೆರೆ ದಾಟಿದರೆ ಎಲ್ಲ ಕಲಸಿಹೋಗುತ್ತಿತ್ತು. ಒಳ್ಳೆಯ ಪ್ಲಾಸ್ಮಾಗಳು ಪೂರ್ತಿ 1080ರ ತನಕ ಹೋಗುತ್ತಿದ್ದವು. ನಿಜ, ಭಾರತದ ಪ್ರಸಾರ 50 ಹರ್ಟ್ಸಿನದು, ಆ ಮಿಡಿತ ಕೆಲವರ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಕಣ್ಣು ಅಷ್ಟು ಸುಕುಮಾರವಲ್ಲ.

ತಮ್ಮ ಮೈಮೇಲೆ ಗಿಳಿ ಹಾರುವುದು ಯಾವಾಗಲೂ ನಿಧಾನ ಚಲನೆಯಲ್ಲಿ. ಅದು ಯಾಕೆಂದು ಈಗ ನನಗೆ ಅರ್ಥವಾಗಿದೆ.

ಪ್ಲಾಸ್ಮಾ ಸೋತದ್ದು ಮನೆಯಲ್ಲಲ್ಲ ಮಹಾಸ್ವಾಮಿ, ತಮ್ಮ ಟ್ಯೂಬ್‌ಲೈಟುಗಳ ಕೆಳಗೆ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಹೆಂಗಸರು ಸೀರೆಯನ್ನು ಬಾಗಿಲಿಗೆ ಒಯ್ದು ಹಗಲು ಬೆಳಕಿನಲ್ಲಿ ಬಣ್ಣ ನೋಡಿಯೇ ದುಡ್ಡು ಬಿಚ್ಚುತ್ತಾರೆ. ಟೀವಿಗೆ ಆ ಯೋಗವಿಲ್ಲ. ಅದನ್ನು ಕತ್ತಲ ಕೋಣೆಗೆ ಹೊತ್ತೊಯ್ದು ನೋಡುತ್ತೇನೆಂದರೆ ತಮ್ಮ ಸೆಕ್ಯುರಿಟಿಯವರು ಬಿಡುವುದಿಲ್ಲ. ನೂರು ದೀಪಗಳ ಬೆಳಕಿನಲ್ಲಿ ಪ್ಲಾಸ್ಮಾ ಮಂಕಾಗಿ ಕಂಡಿತು, ಪಕ್ಕದ ಎಲ್‌ಸಿಡಿ ಕಣ್ಣು ಕುಕ್ಕಿತು, ಗಿರಾಕಿ ಕುಕ್ಕಿದ್ದನ್ನು ಕೊಂಡ. ಇದರಲ್ಲಿ ಗುಟ್ಟೇನೂ ಇಲ್ಲ. ಹೊಸ ಟೀವಿಯನ್ನು ಮೊದಲ ಸಲ ಹಚ್ಚಿದಾಗ ಅದೇ ಕೇಳುತ್ತದೆ: ನಾನು ಈಗ ಮನೆಯಲ್ಲಿದ್ದೇನೋ ಅಂಗಡಿಯಲ್ಲಿದ್ದೇನೋ? ಎಲ್ಲಿದ್ದೇನೆಂದು ತಿಳಿದ ಮೇಲೆಯೇ ಆಕಾಶ ಎಷ್ಟು ನೀಲಿಯಿರಬೇಕೆಂದು ನಿರ್ಧರಿಸುತ್ತದೆ. ಇಷ್ಟು ಪ್ರಾಮಾಣಿಕತೆ ನಮ್ಮ ರಾಜಕಾರಣಿಗಳಲ್ಲೂ ಇಲ್ಲ.

ಪ್ಲಾಸ್ಮಾದವರೇನು ಸಾಚಾ ಎಂದು ನಾನು ಹೇಳುತ್ತಿಲ್ಲ. ಎಲ್‌ಸಿಡಿಯವರು 120 ಹರ್ಟ್ಸ್, 240 ಹರ್ಟ್ಸ್ ಎಂದು ಸ್ಟಿಕ್ಕರ್ ಅಂಟಿಸತೊಡಗಿದಾಗ ಇವರು 600 ಎಂದು ಅಂಟಿಸಿದರು. ಒಂದು ಫ್ರೇಮಿನೊಳಗಿನ ಮಿಡಿತಗಳನ್ನು ಫ್ರೇಮುಗಳ ಸಂಖ್ಯೆಯಿಂದ ಗುಣಿಸಿ ಬಂದ ಲೆಕ್ಕ ಅದು. ಗುಣಾಕಾರ ಸರಿಯಿತ್ತು, ಹೋಲಿಕೆ ಸರಿಯಿರಲಿಲ್ಲ. ತಮ್ಮ ಸನ್ನಿಧಿಯಲ್ಲಿ ನಿಂತವರೆಲ್ಲ ತಮ್ಮ ಭಾಷೆಯನ್ನೇ ಆಡಬೇಕಾಗುತ್ತದೆ.

ಆದರೆ ಪ್ಲಾಸ್ಮಾದ ಹುಟ್ಟು ಅಂಗಡಿಯಲ್ಲಿ ಆದದ್ದಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇದನ್ನು ರೂಪಿಸಿದ್ದು ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ, ಮಕ್ಕಳಿಗೆ ಪಾಠ ಹೇಳಲಿಕ್ಕೆ. ಆಗ ಕಂಪ್ಯೂಟರ್ ಮೆಮೊರಿ ಬಲು ದುಬಾರಿ; ಒಮ್ಮೆ ಹೊತ್ತಿದ ಕೋಶ ಹೊತ್ತಿಕೊಂಡೇ ಇರುವ ಪರದೆಯಾದರೆ ಚಿತ್ರವನ್ನು ನೆನಪಿಡುವ ಖರ್ಚು ಉಳಿಯುತ್ತದೆ ಎಂಬುದು ಅವರ ಯೋಚನೆ. ಬಣ್ಣ ಒಂದೇ, ನಿಯಾನಿನ ಕಿತ್ತಳೆ. 42 ಇಂಚಿನ ಬಣ್ಣದ ಟೀವಿಯಾಗಿ ಅದು ಅಂಗಡಿಗೆ ಬರುವ ಹೊತ್ತಿಗೆ 1997 ಆಗಿತ್ತು, ಅಮೆರಿಕದಲ್ಲಿ ಬೆಲೆ 15,000 ಡಾಲರಿನ ಹತ್ತಿರ. ಪಯೊನೀರ್ ಕಂಪನಿ 2007ರಲ್ಲಿ ಕುರೊ ಎಂಬ ಸರಣಿ ತಂದಿತು. ಕತ್ತಲನ್ನು ಹೀಗೆ ತೋರಿಸಬಹುದೆಂದು ಅದನ್ನು ನೋಡುವವರೆಗೆ ಯಾರೂ ನಂಬಿರಲಿಲ್ಲ. ವಿಮರ್ಶಕರು ಹಾಡಿ ಹೊಗಳಿದರು, ಗಿರಾಕಿಗಳು ಬೆಲೆ ಕೇಳಿ ಮುಂದೆ ನಡೆದರು. 2009ರಲ್ಲಿ ಪಯೊನೀರ್ ಟೀವಿ ವ್ಯಾಪಾರದಿಂದಲೇ ಹೊರಬೀಳುವುದಾಗಿ ಹೇಳಿತು. ಪ್ಯಾನಾಸೋನಿಕ್ 2013ರಲ್ಲಿ ಝಡ್‌ಟಿ60 ಎಂಬ ತನ್ನ ಅತ್ಯುತ್ತಮ ಪ್ಲಾಸ್ಮಾವನ್ನು ಬಿಡುಗಡೆ ಮಾಡಿ, ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಲಾಸ್ಮಾ ತಯಾರಿಯನ್ನೇ ನಿಲ್ಲಿಸುವುದಾಗಿ ಸಾರಿತು. 2014 ಮುಗಿಯುವಷ್ಟರಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಕೂಡ ಬಾಗಿಲೆಳೆದವು. ಕಸುಬು ಪೂರ್ತಿ ಕೈಗೆ ಹತ್ತಿದ ಗಳಿಗೆಯಲ್ಲೇ ಅಂಗಡಿ ಮುಚ್ಚಿದ್ದು ಇದೊಂದೇ ಅಲ್ಲ, ಬಿಡಿ.

ಅಷ್ಟರಲ್ಲಿ ಹೆಚ್ಚು ಚುಕ್ಕಿಗಳ 4ಕೆ ಬಂದಿತ್ತು. ಪ್ಲಾಸ್ಮಾ ಕೋಶವನ್ನು ಚಿಕ್ಕದು ಮಾಡಿದಷ್ಟೂ ಬೆಳಕು ಕುಂದುತ್ತದೆ, ಹಾಗಾಗಿ ಮನೆಯ ಅಳತೆಯಲ್ಲಿ ಅದಕ್ಕೆ 4ಕೆ ದಕ್ಕಲಿಲ್ಲ. ಪ್ಯಾನಾಸೋನಿಕ್ 2010ರಲ್ಲಿ 4ಕೆ ಪ್ಲಾಸ್ಮಾ ತೋರಿಸಿದ್ದು ಹೌದು. ಆದರೆ ಅದು 152 ಇಂಚಿನದು, ಅದನ್ನಿಡಲು ನಮ್ಮ ಮನೆಯ ಒಂದು ಗೋಡೆಯನ್ನೇ ಬಿಟ್ಟುಕೊಡಬೇಕಿತ್ತು. ಸೋಲು ಸೋಲೇ. ಆದರೂ ಒಂದು ಸಣ್ಣ ಲೆಕ್ಕವಿದೆ. ಆರೋಗ್ಯವಂತ ಕಣ್ಣು 42 ಇಂಚಿನ ಪೂರ್ಣ ಎಚ್‌ಡಿ ಪರದೆಯಿಂದ ಐದೂವರೆ ಅಡಿ ದೂರ ಸರಿದರೆ ಚುಕ್ಕಿಗಳನ್ನು ಬೇರೆಬೇರೆಯಾಗಿ ಗುರುತಿಸಲಾರದು. ನಮ್ಮ ಸೋಫಾ ಒಂಬತ್ತು ಅಡಿ ಆಚೆ ಇದೆ. ಅಲ್ಲಿ ಕೂತವರಿಗೆ ಅದೇ ಅಳತೆಯ 4ಕೆ ಪರದೆ ಕೊಡುವ ಹೆಚ್ಚಿನ ಚುಕ್ಕಿಗಳು ಬಿಲ್ಲಿನಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ತಮ್ಮೆದುರು ಗಿರಾಕಿ ನಿಲ್ಲುವುದು ಎರಡಡಿ ದೂರದಲ್ಲಿ, ಮೂಗು ತಾಗುವಂತೆ. ತಾವು ಬುದ್ಧಿವಂತರು.

ಸಿನಿಮಾದ ವಿಷಯಕ್ಕೆ ಬರೋಣ. ಚಲನೆಯಲ್ಲಿ ಕಲಸುವ ರೋಗಕ್ಕೆ ತಮ್ಮವರು ಕಂಡುಹಿಡಿದ ಮದ್ದು ರೋಗಕ್ಕಿಂತ ಭೀಕರವಾದದ್ದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಎರಡು ಚಿತ್ರಗಳ ನಡುವೆ ಇರದ ಚಿತ್ರಗಳನ್ನು ಟೀವಿ ತಾನೇ ಊಹಿಸಿ ತುರುಕುತ್ತದೆ. ಫಲವಾಗಿ ಯಾವ ಸಿನಿಮಾ ಹಾಕಿದರೂ ಸಂಜೆ ಏಳರ ಧಾರಾವಾಹಿಯಂತೆ ನುಣ್ಣಗಾಗುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ನೆನೆಸಿಕೊಳ್ಳಿ. ಕಪ್ಪು ಬಿಳುಪು, ಎಸ್. ರಾಮಚಂದ್ರ ಅವರ ಕ್ಯಾಮೆರಾ, ನೆರಳಿನೊಳಗೇ ಅರ್ಧ ಕಥೆ. ಅದನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಷ್ಟು ಮಂದಿ ಅಷ್ಟು ಕಷ್ಟಪಟ್ಟು ಉಳಿಸಿದ ನೆರಳುಗಳನ್ನು ತಮ್ಮ ‘ವಿವಿಡ್’ ಎಂಬ ಮೋಡ್ ಒಂದೇ ಕ್ಷಣದಲ್ಲಿ ತೊಳೆದು ಹಾಕುತ್ತದೆ. ಇರದ ಚಿತ್ರ ತುರುಕುವ ಆ ಚಟದ ವಿರುದ್ಧ ಮಾತಾಡಿದವನು ನಾನೊಬ್ಬನೇ ಅಲ್ಲ. 2018ರಲ್ಲಿ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೊಫರ್ ಮೆಕ್ವೆರಿಯ ಜೊತೆ ನಿಂತು, ಮನೆಯ ಟೀವಿಯಲ್ಲಿ ಅದನ್ನು ಆರಿಸಿರಪ್ಪಾ ಎಂದು ವಿಡಿಯೊ ಮಾಡಿ ಬೇಡಿಕೊಂಡ. ಮರುವರ್ಷ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಹೊಸ ಸೌಲಭ್ಯದ ಘೋಷಣೆ ಬಂತು: ತಾವೇ ಸೇರಿಸಿದ್ದನ್ನು ತಾವೇ ತೆಗೆಯುವ ಗುಂಡಿ, ಅದೂ ಒಂದು ವಿಶೇಷ ಆಕರ್ಷಣೆಯಾಗಿ.

ನ್ಯಾಯವಾಗಿ ಹೇಳುವುದಾದರೆ ಓಲೆಡ್ ದೊಡ್ಡ ಮನುಷ್ಯ. ಪ್ಲಾಸ್ಮಾ ಕೋಶವನ್ನು ಬೇಕೆಂದಾಗ ಹೊತ್ತಿಸಲು ಸದಾ ತುಸು ಉರಿಸಿಟ್ಟಿರಬೇಕು, ಹಾಗಾಗಿ ಅದರ ಕಪ್ಪಿನಲ್ಲಿ ಸಣ್ಣದೊಂದು ಬೂದಿ ಉಳಿಯುತ್ತದೆ. ಓಲೆಡ್‌ನ ಚುಕ್ಕಿ ಪೂರ್ತಿ ಆರುತ್ತದೆ. ಕತ್ತಲಿನಲ್ಲಿ ಅದೇ ಗೆದ್ದಿತು, ಎರಡು ಮಾತಿಲ್ಲ. ಚಲನೆಯನ್ನು ತಿದ್ದಲು ಚಿತ್ರಗಳ ನಡುವೆ ಕಪ್ಪು ಫ್ರೇಮ್ ಸೇರಿಸುವ ಉಪಾಯವೂ ಕೆಲವು ಓಲೆಡ್‌ಗಳಲ್ಲಿದೆ. ಆದರೆ ಅದನ್ನು ಹಾಕಿದರೆ ಬೆಳಕು ಇಳಿಯುತ್ತದೆ, ಬೆಳಕು ಇಳಿದದ್ದು ತಮಗೆ ಸೇರುವುದಿಲ್ಲ; ಆದ್ದರಿಂದ ಅದು ಮೆನುವಿನ ಯಾವುದೋ ಏಳನೇ ಮನೆಯಲ್ಲಿ ಅಡಗಿ ಕೂತಿರುತ್ತದೆ.

ನಮ್ಮ ಹಳೆಯ ಪೆಟ್ಟಿಗೆಗೆ ಇನ್ನೊಂದು ದೊಡ್ಡ ಕೊರತೆ: ಅದು ದಡ್ಡ. ನಾವು ಏನು ನೋಡುತ್ತೇವೆಂದು ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳಲು ಅದಕ್ಕೆ ಯಾರೂ ಇಲ್ಲ. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟೀವಿಗಳಲ್ಲಿ ಜನ ಏನು ನೋಡುತ್ತಾರೆಂದು ಕ್ಷಣಕ್ಷಣಕ್ಕೂ ದಾಖಲಿಸಿ ಮಾರಿದ ಪ್ರಕರಣದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಲೆಕ್ಕ ಹಾಕಿದರೆ ಟೀವಿಗೆ 20 ಸೆಂಟ್. ನಮ್ಮ ಗುಟ್ಟಿಗೆ ಇಷ್ಟಾದರೂ ಬೆಲೆಯಿದೆಯಲ್ಲ ಎಂದು ಸಂತೋಷಪಡಬೇಕು.

ಕೊನೆಗೊಂದು ಅರಿಕೆ. ದಿನಕ್ಕೊಂದು ಗಂಟೆ ತಮ್ಮ ಮಳಿಗೆಯ ಒಂದು ಮೂಲೆಯ ದೀಪ ಆರಿಸಿ, ಎದುರಿಗೆ ಒಂಬತ್ತು ಅಡಿ ದೂರದಲ್ಲಿ ನಾಲ್ಕು ಕುರ್ಚಿ ಹಾಕಿಸಿ. ಗಿಳಿಗೆ ರಜೆ ಕೊಟ್ಟು ಒಂದು ಓವರ್ ಕ್ರಿಕೆಟ್ಟನ್ನೋ, ಹಳೆಯ ಕಪ್ಪುಬಿಳುಪು ಸಿನಿಮಾದ ಒಂದು ರೀಲನ್ನೋ ಹಚ್ಚಿ. ಅಲ್ಲಿ ಕೂತು ನೋಡಿದ ಮೇಲೂ ಗಿರಾಕಿ ಕಣ್ಣು ಕುಕ್ಕುವುದನ್ನೇ ಕೇಳಿದರೆ ಕೊಡಿ, ದುಡ್ಡು ಅವನದು.

ಇಂತಿ,
ತಮ್ಮ ಗಿರಾಕಿಯಾಗಲು ಒಲ್ಲದ
ಒಬ್ಬ ವೀಕ್ಷಕ

ತಾ.ಕ.: ಇದು ಗೋಡೆಗಲ್ಲ, ಓದುಗರಿಗೆ. ಪ್ಲಾಸ್ಮಾಗಳಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಪರದೆಯಲ್ಲ, ಅದರ ಹಿಂಬದಿಯಲ್ಲಿದ್ದು ಕೋಶಗಳಿಗೆ ವೋಲ್ಟೇಜು ಕೊಡುವ ವೈ-ಸಸ್ಟೇನ್ ಬೋರ್ಡು. ಹೊಸದು ಈಗ ಯಾರೂ ಮಾಡುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುವುದು ಸತ್ತ ಟೀವಿಯಿಂದ ಬಿಚ್ಚಿದ್ದೇ. ನಿಮ್ಮ ಅಟ್ಟದ ಮೇಲೆ ಗಾಜು ಒಡೆದ ಪ್ಲಾಸ್ಮಾ ಇದ್ದರೆ ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಒಬ್ಬ ರಿಪೇರಿಯವನಿಗೆ ಕೊಡಿ.