ತುರ್ತು ಕರೆಗಳು ಮಾತ್ರ

ಹಿಂಗಾರಿ ಬಿತ್ತಿಗೆಯ ಹೊತ್ತಿನಲ್ಲಿ ಬೀಜದ ಕಂಪನಿಯ ಏಜೆಂಟನ ಫೋನು ಸತ್ತರೆ ಏಜೆಂಟನೇ ಸತ್ತನೆಂದು ಡೀಲರುಗಳು ತಿಳಿಯುತ್ತಾರೆ. ನಾನು ಸತ್ತಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಮೋಟರ್‌ಸೈಕಲ್ ಮೇಲೆ ಕಡಲೆ ಬೀಜದ ಸ್ಯಾಂಪಲ್ ಕಟ್ಟಿಕೊಂಡು ಜೀವಂತವಾಗಿಯೇ ಓಡಾಡುತ್ತಿದ್ದೆ. ಆದರೆ ನನಗೆ ಫೋನ್ ಹಚ್ಚಿದವರಿಗೆಲ್ಲ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದು ಹೇಳಿ ಕಳಿಸುತ್ತಿದ್ದಳು.

“ಸುಳ್ಳೇನ ಹೇಳ್ಯಾಳ್ರಿ ಆಕಿ?” ಎಂದಳು ನನ್ನ ಮನೆಯಾಕೆ. “ಲಗ್ನ ಆದಾಗಿಂದ ನೀವು ವ್ಯಾಪ್ತಿ ಪ್ರದೇಶದ ಹೊರಗ ಅದೀರಿ. ಆಕಿಗೆ ಈಗ ಗೊತ್ತಾಗೇತಿ, ಅಷ್ಟ.”

ಆ ಫೋನಿನ ಕುಲಗೋತ್ರ ಮೊದಲು ಹೇಳಿಬಿಡುತ್ತೇನೆ. ಅದು ಅಮೆರಿಕದ್ದು, 2012ರ ಮಾಡಲ್. ಅಲ್ಲಿ ಕಂಪನಿಗಳು ಕಂತಿನ ಮೇಲೆ ಫೋನು ಕೊಟ್ಟು, ಬೇರೆಯವರ ಸಿಮ್ ನಡೆಯದಂತೆ ಕೀಲಿ ಹಾಕಿಡುತ್ತಿದ್ದವು. ಕರಾರು ಮುಗಿದ ಮೇಲೆ ಗಿರಾಕಿ ಅದನ್ನು ಬಿಡಿಸಿಕೊಳ್ಳಬಹುದೆಂಬ ಕಾನೂನಿಗೆ ಒಬಾಮಾ ಸಹಿ ಹಾಕಿದ್ದು 2014ರ ಆಗಸ್ಟ್ 1ರಂದು. ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗ ಕೀಲಿ ತೆಗೆಸಿದ ಈ ಫೋನನ್ನು ಊರಿಗೆ ಬಂದಾಗ ನನ್ನ ಕೈಯಲ್ಲಿಟ್ಟು, “ಮಾಮಾ, ಇದು ಅನ್‌ಲಾಕ್ ಆಗೇತಿ. ಜಗತ್ತಿನ್ಯಾಗ ಎಲ್ಲಿ ಬೇಕಾದ್ರೂ ನಡಿತೈತಿ” ಎಂದ. ನಾನು ಜಗತ್ತನ್ನು ನೋಡಿದವನಲ್ಲ; ಬೈಲಹೊಂಗಲದಲ್ಲಿ ನಡೆದರೆ ಸಾಕಿತ್ತು. ನಡೆಯಿತು. ವರ್ಷಗಟ್ಟಲೆ ನಡೆಯಿತು. ಬೀಜದಂಗಡಿಯ ಕಟ್ಟೆಯ ಮೇಲೆ ಕೂತು ಅದನ್ನು ತೆಗೆದಾಗಲೆಲ್ಲ, ‘ಒಬಾಮಾ ಸಹಿ ಹಾಕಿ ಬಿಡಿಸಿಕೊಟ್ಟ ಫೋನು’ ಎಂದೇ ನಾನು ಹೇಳುತ್ತಿದ್ದುದು. ಬಿಡಿಸಲು ವೈಟ್‌ಹೌಸಿನಿಂದ ಮೆಕ್ಯಾನಿಕ್ ಬಂದಿದ್ದ ಎಂದು ನಂಬಿದ ರೈತರೂ ಇದ್ದಾರೆ. ನಾನು ತಿದ್ದಲು ಹೋಗಲಿಲ್ಲ.

ಒಂದು ಬೆಳಗ್ಗೆ ಸಿಗ್ನಲ್ಲಿನ ಕಡ್ಡಿಗಳಿದ್ದ ಜಾಗದಲ್ಲಿ ‘ತುರ್ತು ಕರೆಗಳು ಮಾತ್ರ’ ಎಂದು ಬಂತು. ನನ್ನ ಪಾಲಿಗೆ ತುರ್ತೆಂದರೆ ಡೀಲರುಗಳಿಗೆ ಜೆಜಿ-11 ಕಡಲೆ ಬೀಜ ಮುಟ್ಟಿಸುವುದು. ಫೋನಿನ ಪಾಲಿಗೆ ಅದು ತುರ್ತಾಗಿರಲಿಲ್ಲ.

ಮೊದಲ ಚಿಕಿತ್ಸೆ ಮನೆಯಲ್ಲೇ ನಡೆಯಿತು. ಬಂದ್ ಮಾಡಿ ಚಾಲೂ ಮಾಡಿದೆ. ಏರೋಪ್ಲೇನ್ ಚಿತ್ರ ಒತ್ತಿ ಬಿಟ್ಟೆ. ಬ್ಯಾಟರಿ ಬಿಚ್ಚಿದೆ. ಸಿಮ್ ತೆಗೆದು ಅಂಗಿಯ ತುದಿಗೆ ತಿಕ್ಕಿ, ಬಾಯಿಂದ ಊದಿ ಹಾಕಿದೆ. ಇವು ನಗುವಂಥ ಉಪಾಯಗಳೇನಲ್ಲ. ಬಂದಾಗಿ ಚಾಲೂ ಆದ ಫೋನು ಟವರನ್ನು ಹೊಸದಾಗಿ ಹುಡುಕಿ ಮತ್ತೆ ಹೆಸರು ಹಚ್ಚುತ್ತದೆ. ಸಿಮ್ಮಿನ ಹಳದಿ ತಗಡಿನ ಮೇಲೆ ಜಿಡ್ಡು ಕೂತಿದ್ದರೆ ತಿಕ್ಕಿದಾಗ ಹೋಗುತ್ತದೆ. ನಗುವಂಥದ್ದು ಪಕ್ಕದ ಮನೆಯ ಕಾಕಾ ಹೇಳಿದ ಉಪಾಯ: ಅಕ್ಕಿ ಡಬ್ಬಿಯಲ್ಲಿಡುವುದು.

“ನೀರಾಗ ಬಿದ್ದಿಲ್ಲಲ್ರಿ ಕಾಕಾ?”

“ಬಿದ್ದಿದ್ರ ಏನ್ ಮಾಡ್ತಿದ್ದಿ? ಅದನ್ನ ಈಗ ಮಾಡು.”

ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫೋನು ರಾತ್ರಿಯೆಲ್ಲ ಅಕ್ಕಿಯಲ್ಲಿ ಮಲಗಿತು. ಬೆಳಗ್ಗೆ ಸಿಗ್ನಲ್ ಬರಲಿಲ್ಲ. ಚಾರ್ಜಿಂಗ್ ತೂತಿನಲ್ಲಿ ನುಚ್ಚು ಸಿಕ್ಕಿಕೊಂಡು ಚಾರ್ಜೂ ಹೋಯಿತು.

ಬಸ್‌ಸ್ಟ್ಯಾಂಡ್ ಕಡೆಯ ಮೊಬೈಲ್ ಅಂಗಡಿಯ ಹುಡುಗ ಮೊದಲು ಸೂಜಿಯಿಂದ ನುಚ್ಚು ತೆಗೆದ. “ಏನ್ ಕಾಕಾರ, ಫೋನಿಗೆ ಉಪ್ಪಿಟ್ಟು ತಿನ್ನಿಸೀರೇನ್ರಿ?” ಎಂದ. ಆಮೇಲೆ ಮಾಡಿದ್ದು ಶಾಸ್ತ್ರೋಕ್ತ ಪರೀಕ್ಷೆ. ನನ್ನ ಸಿಮ್ಮನ್ನು ತನ್ನ ಫೋನಿಗೆ ಹಾಕಿದ. ತುಂಬ ಕಡ್ಡಿ ಬಂದವು. ಹಾಗಾದರೆ ಸಿಮ್ ಚಲೋ, ಟವರೂ ಚಲೋ. ಅದೇ ಕಂಪನಿಯ ತನ್ನ ಸಿಮ್ಮನ್ನು ನನ್ನ ಫೋನಿಗೆ ಹಾಕಿದ; ಕಡ್ಡಿ ಬರಲಿಲ್ಲ. ಅವನದು ಈಗಿನ ನ್ಯಾನೋ ಸಿಮ್, ನನ್ನ ಫೋನಿಗೆ ಬೇಕಾದದ್ದು ಹಳೆಯ ಮೈಕ್ರೋ. ನಡುವೆ ಪ್ಲಾಸ್ಟಿಕ್ಕಿನ ಚೌಕಟ್ಟು ಹಾಕಿ ತುರುಕಿದ್ದ. ಸಿಮ್ ಹೊರಗೆ ಬಂತು, ಚೌಕಟ್ಟು ಒಳಗೇ ಉಳಿಯಿತು. ಚಿಮಟ ಹಿಡಿದು ಅದನ್ನು ಎಳೆಯುತ್ತ ನನ್ನ ಮುಖ ನೋಡದೆ ಕೇಳಿದ: “ಕಳುವಿನ ಮಾಲ್ ಅಲ್ಲಲ್ರಿ ಇದು?”

ಅಂಗಡಿಯಲ್ಲಿ ರೀಚಾರ್ಜಿಗೆ ನಿಂತಿದ್ದವರೆಲ್ಲ ನನ್ನತ್ತ ತಿರುಗಿದರು. ಆ ಮಂದಿಯಲ್ಲಿ ನನ್ನ ಇಬ್ಬರು ಡೀಲರುಗಳೂ ಇದ್ದರು. ನಾನು ಒಬಾಮಾ ಹೆಸರು ಹೇಳಿದೆ, ಅನುಮಾನ ಹೆಚ್ಚಾಯಿತು. ಕೊನೆಗೆ ಹುಡುಗನೇ ದಾರಿ ತೋರಿಸಿದ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಫೋನಿನ 15 ಅಂಕಿಯ ಐಎಂಇಐ ನಂಬರು ಕಾಣುತ್ತದೆ. ಬೇರೆ ಫೋನಿನಿಂದ ‘ಕೆವೈಎಂ’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ನಂಬರು ಹಾಕಿ 14422ಕ್ಕೆ ಕಳಿಸಿದರೆ ಸರ್ಕಾರದ ಕಡೆಯಿಂದ ಫೋನಿನ ಜಾತಕ ಬರುತ್ತದೆ. ಕಳೆದುಹೋಯಿತೆಂದು ಯಾರಾದರೂ ಬ್ಲಾಕ್ ಮಾಡಿಸಿದ ಫೋನಾಗಿದ್ದರೆ ಯಾವ ಸಿಮ್ಮೂ ನಡೆಯುವುದಿಲ್ಲ. ನನ್ನದು ಕಪ್ಪುಪಟ್ಟಿಯಲ್ಲಿರಲಿಲ್ಲ. ನಿಂತಿದ್ದವರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು.

ಕಿತ್ತೂರಿನ ಡೀಲರು ಹಿರಿಯರು. ತಂತ್ರಜ್ಞಾನದ ಎಲ್ಲ ಸಮಸ್ಯೆಗೂ ಅವರಲ್ಲಿ ಒಂದೇ ಪರಿಹಾರ: “ಎತ್ತರಕ್ಕ ಹೋಗ್ರಿ.” ಹೋದೆ. ಅಕ್ಟೋಬರ್ 23ರ ಉತ್ಸವಕ್ಕೆ ಕೋಟೆಯಲ್ಲಿ ತಯಾರಿ ನಡೆದಿತ್ತು. 1824ರ ಆ ದಿನ ಚನ್ನಮ್ಮನ ಸೈನ್ಯ ಕಂಪನಿ ಸರ್ಕಾರದ ಥ್ಯಾಕರೆಯನ್ನು ಕೆಡವಿದ್ದು ಇಲ್ಲಿಯೇ; ಕಂಪನಿಯ ಸಿಮ್ಮಿನ ಮುಂದೆ ಕೈ ಚೆಲ್ಲಿದ ನಾನು ಅಲ್ಲಿ ತಲೆ ತಗ್ಗಿಸಿಯೇ ನಡೆದೆ. ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲು ಮಾಡಿದ ದುಂಡನೆಯ ಕಿಂಡಿಯಿದೆ. ಅದರ ಬಾಯಿಗೆ ಫೋನು ಹಿಡಿಯಬೇಕೆಂದು ಯಾಕೆ ಅನ್ನಿಸಿತೋ! ಹಿಂದಿನಿಂದ ಒಬ್ಬ ಶಾಲೆಯ ಹುಡುಗ ಹೇಳಿದ: “ಅಜ್ಜಾರ, ಅದು ಚುಕ್ಕಿ ನೋಡೂದ್ರಿ. ಟವರ್ ನೋಡೂದಲ್ಲ.” ಕಾಕಾ ಹೋಗಿ ಅಜ್ಜ ಆಗಿದ್ದು ಆಗಲೇ.

ಅಲ್ಲಿಯೇ ಕೂತು ಸೆಟ್ಟಿಂಗ್ಸಿನಲ್ಲಿ ‘ನೆಟ್‌ವರ್ಕ್ ಹುಡುಕು’ ಒತ್ತಿದೆ. ಬಹಳ ಹೊತ್ತಿನ ಮೇಲೆ ಒಂದೇ ಹೆಸರು ಬಂತು, ಅದೂ ಬೇರೆ ಕಂಪನಿಯದು. ಒತ್ತಿದರೆ, ‘ಈ ನೆಟ್‌ವರ್ಕಿಗೆ ಸೇರಲು ನಿಮ್ಮ ಸಿಮ್‌ಗೆ ಅನುಮತಿಯಿಲ್ಲ’ ಎಂದಿತು. ನನ್ನ ಕಂಪನಿಯ ಟವರು ಕೋಟೆಯಿಂದ ಕಣ್ಣಿಗೇ ಕಾಣುತ್ತಿತ್ತು. ನನಗೆ ಕಾಣುವುದು ಫೋನಿಗೆ ಯಾಕೆ ಕಾಣುವುದಿಲ್ಲ ಎಂದು ಆಗಲೇ ಯೋಚಿಸಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ನಾನು ಯೋಚಿಸಲಿಲ್ಲ, ಸವದತ್ತಿಗೆ ಹೋದೆ.

ಶೀಗಿ ಹುಣ್ಣಿಮೆ. ಯಲ್ಲಮ್ಮನ ಗುಡ್ಡದ ತುಂಬ ಮಂದಿ. ‘ಉಧೋ ಉಧೋ’ ಎಂಬ ಕೂಗು, ಭಂಡಾರದ ಹಳದಿ, ಹಡ್ಡಲಿಗೆ ತುಂಬುವವರ ಗದ್ದಲ. ಅಲ್ಲಿ ನನಗೆ ಒಂದು ಸಮಾಧಾನ ಸಿಕ್ಕಿತು: ಯಾರ ಫೋನೂ ನೆಟ್ಟಗೆ ಹತ್ತುತ್ತಿರಲಿಲ್ಲ. ಒಂದು ಟವರು ಒಮ್ಮೆಗೆ ಇಂತಿಷ್ಟೇ ಮಂದಿಯ ಮಾತು ಹೊರಬಲ್ಲದು. ಜಾತ್ರೆಯಲ್ಲಿ ಕಡ್ಡಿ ತುಂಬ ಇದ್ದರೂ ಕರೆ ಹೋಗುವುದಿಲ್ಲ. ದೊಡ್ಡ ಜಾತ್ರೆಗಳಲ್ಲಿ ಗಾಡಿಯ ಮೇಲೆ ತಾತ್ಕಾಲಿಕ ಟವರು ತಂದು ನಿಲ್ಲಿಸುವುದು ಇದಕ್ಕೇ. ಹೊಸ ಫೋನಿನವರೆಲ್ಲ ಕೈ ಎತ್ತಿ ಎತ್ತಿ ಹಿಡಿದು ‘ಹಲೋ ಹಲೋ’ ಎನ್ನುತ್ತಿದ್ದರೆ ನಾನು ಎದೆ ಸೆಟೆಸಿ ನಡೆದೆ.

ಆಗಲೇ ಎದೆಯ ಕಿಸೆಯಿಂದ ಯಾರೋ ಮಾತಾಡಿದರು. ನೂಕುನುಗ್ಗಲಿನಲ್ಲಿ ಫೋನು ತಾನು ಮಾಡಬಲ್ಲ ಒಂದೇ ಕೆಲಸವನ್ನು ಮಾಡಿತ್ತು: 112ಕ್ಕೆ ಹಚ್ಚಿತ್ತು.

“ಹೇಳ್ರಿ, ಏನ್ ತೊಂದರೆ ಐತಿ?”

ಗಾಬರಿಯಲ್ಲಿ ಬಾಯಿಗೆ ಬಂದದ್ದು ಸತ್ಯ. “ಸಿಗ್ನಲ್ ಇಲ್ರಿ ಸರ್.”

ಆ ಕಡೆ ಸ್ವಲ್ಪ ಹೊತ್ತು ಮೌನ. “ಸಿಗ್ನಲ್ ಇಲ್ಲಂದ್ರ ನನ್ನ ಜೋಡಿ ಹೆಂಗ ಮಾತಾಡಾಕತ್ತೀರಿ?”

“ಅದ ನನಗೂ ತಿಳಿವಲ್ದು ನೋಡ್ರಿ.”

“ಹಿಂದ ಯಾರೋ ಚೀರಾಡಾಕತ್ತಾರಲ್ರಿ?”

“ಅವರು ದೇವಿಗೆ ಚೀರಾಕತ್ತಾರ್ರಿ. ನನಗಲ್ಲ.”

ಆ ಪುಣ್ಯಾತ್ಮರು ಬೈಯಲಿಲ್ಲ. ನಿಜವಾಗಿ ಆಪತ್ತಿನಲ್ಲಿರುವವರಿಗೆ ಲೈನು ಬಿಟ್ಟುಕೊಡಿ ಎಂದು ತಿಳಿಹೇಳಿ ಇಟ್ಟರು. ತುರ್ತು ಕರೆ ನಮ್ಮ ಸಿಮ್ಮಿನ ಕಂಪನಿಯನ್ನೇ ಕಾಯುವುದಿಲ್ಲ. ಫೋನಿನ ಕಿವಿಗೆ ಬಿದ್ದ ಯಾವ ಟವರಿನಿಂದಲಾದರೂ ಹೋಗುತ್ತದೆ. ಅಂದರೆ ನನ್ನ ಫೋನು ಕಿವುಡಾಗಿರಲಿಲ್ಲ. ಇದು ಎರಡನೆಯ ಸುಳಿವು. ಇದನ್ನೂ ಗುಡ್ಡದ ಮೇಲೇ ಬಿಟ್ಟು ರಾಮದುರ್ಗದ ದಾರಿ ಹಿಡಿದೆ.

ಸುರೇಬಾನದ ಕಡೆ ಒಬ್ಬ ಡೀಲರನ್ನು ಕಾಣುವುದಿತ್ತು. ಹಾಗೆಯೇ ಶಬರಿಕೊಳ್ಳಕ್ಕೂ ಹೋದೆ. ಸುತ್ತ ಗುಡ್ಡವಿರುವ ಕೊಳ್ಳಗಳಿಗೆ ಟವರಿನ ಅಲೆಗಳು ಇಳಿಯುವುದು ಕಷ್ಟ. ಅಲ್ಲಿ ‘ತುರ್ತು ಕರೆಗಳು ಮಾತ್ರ’ ಎಂಬುದೂ ಅಳಿಸಿಹೋಯಿತು. ಶಬರಿ ರಾಮನಿಗಾಗಿ ಕಾದಳೆಂದು ಜನ ನಂಬುವ ಜಾಗವದು. ‘ಎಲ್ಲಿದ್ದೀ, ಎಷ್ಟೊತ್ತಿಗೆ ಬರ್ತೀ’ ಎಂದು ಒಮ್ಮೆಯೂ ಕೇಳದೆ ಆಕೆ ಆಯುಷ್ಯವೆಲ್ಲ ಕಾದಳು. ನಾನು ಒಂದು ಲೋಡ್ ಬೀಜ ಎಲ್ಲಿ ತಲುಪಿತೆಂದು ತಿಳಿಯದೆ ಬೆವರುತ್ತಿದ್ದೆ.

ರಾಮದುರ್ಗದ ಪೇಟೆಯಲ್ಲಿ ಒಬ್ಬ ಹಳೆಯ ರೇಡಿಯೋ ರಿಪೇರಿಯವರು ಸಿಕ್ಕರು. ಈಗ ಮೊಬೈಲೂ ನೋಡುತ್ತಾರೆ. ಅವರು ಸಿಮ್ ಮುಟ್ಟಲಿಲ್ಲ, ಬ್ಯಾಟರಿ ಬಿಚ್ಚಲಿಲ್ಲ. ಸೆಟ್ಟಿಂಗ್ಸಿನ ಒಂದು ಮೂಲೆಗೆ ಹೋಗಿ ನನಗೆ ತೋರಿಸಿದರು: ‘ಡಬ್ಲ್ಯುಸಿಡಿಎಂ ಮಾತ್ರ’. ಅಂದರೆ 3ಜಿ ಮಾತ್ರ.

“ಇದನ್ನ ಯಾರ್ ಇಟ್ಟಾರ್ರಿ?”

ನಾನೇ ಇಡಿಸಿದ್ದೆ. ಇಂಟರ್‌ನೆಟ್ ಜೋರಾಗಿ ಓಡಲೆಂದು ವರ್ಷಗಳ ಹಿಂದೆ ಅಂಗಡಿ ಹುಡುಗನೊಬ್ಬನಿಗೆ ಚಹಾ ಕುಡಿಸಿ ಇಡಿಸಿದ್ದೆ. ಆಮೇಲೆ ಖಾಸಗಿ ಕಂಪನಿಗಳು ಒಂದೊಂದಾಗಿ 3ಜಿ ಮುಚ್ಚಿ ಆ ತರಂಗಗಳನ್ನು 4ಜಿಗೆ ಕೊಟ್ಟವು. ನನ್ನ ಕಂಪನಿಯೂ ಮುಚ್ಚಿತು. ನನ್ನ ಫೋನು ಮಾತ್ರ 3ಜಿಯನ್ನೇ ಹುಡುಕುತ್ತ, ಇನ್ನೂ ಮುಚ್ಚದ ಬೇರೆ ಕಂಪನಿಯ 3ಜಿ ಕಂಡಲ್ಲಿ ‘ತುರ್ತು ಕರೆಗಳು ಮಾತ್ರ’ ಎನ್ನುತ್ತಿತ್ತು.

ಅವರು ‘ಆಟೋ’ ಎಂದು ಬದಲಿಸಿದರು. 2ಜಿ ಇನ್ನೂ ಇತ್ತು. ಕಡ್ಡಿಗಳು ಒಟ್ಟಿಗೇ ಎದ್ದವು. ಅಷ್ಟೂ ದಿನದ ಮಿಸ್ಡ್‌ಕಾಲ್ ಸಂದೇಶಗಳು ಟಿಂಗ್ ಟಿಂಗ್ ಎಂದು ಬರತೊಡಗಿದವು. ಕಡ್ಡಿಯ ಪಕ್ಕ 2ಜಿಯ ನಿಧಾನ ಇಂಟರ್‌ನೆಟ್ಟಿನ ಗುರುತಾದ ಇಂಗ್ಲಿಷಿನ ‘ಇ’ ಅಕ್ಷರ ಬಂತು. ವಾಟ್ಸಾಪಿನ ಶುಭೋದಯದ ಗುಲಾಬಿ ಹೂ ಅರಳಲು ಶುರುವಾಗಿದ್ದೂ ಆಗಲೇ. ಪೂರ್ತಿ ಅರಳಿದ್ದು ನಾನು ಊರು ಮುಟ್ಟಿದ ಮೇಲೆ.

“4ಜಿ ಬರೂದಿಲ್ಲೇನ್ರಿ? ಇದು ಅನ್‌ಲಾಕ್ ಆಗೇತ್ರಿ” ಎಂದೆ.

“ಸಾಹೇಬ್ರ, ಧಾರವಾಡ ಆಕಾಶವಾಣಿ ಮೀಡಿಯಂ ವೇವ್ 765ಕ್ಕ ಬರತೈತಿ. ನಿಮ್ಮ ರೇಡಿಯೋದಾಗ ಮೀಡಿಯಂ ವೇವ್ ಇಲ್ಲಂದ್ರ ಅದಕ್ಕ ಕೀಲಿ ಹಾಕಿದ್ರೂ ಅಷ್ಟ, ತಗದ್ರೂ ಅಷ್ಟ.”

ಇಷ್ಟು ಸುತ್ತಾಟದಲ್ಲಿ ನಾನು ಕೇಳಿದ ಒಂದೇ ಬುದ್ಧಿಯ ಮಾತು ಅದು. ಕೀಲಿ ತೆಗೆದರೆ ಯಾವ ಕಂಪನಿಯ ಸಿಮ್ಮಾದರೂ ಹಾಕಬಹುದು, ಅಷ್ಟೇ. ಟವರಿನ ತರಂಗ ಹಿಡಿಯುವ ಬ್ಯಾಂಡ್ ಫೋನಿನೊಳಗೆ ಹುಟ್ಟಿನಿಂದಲೇ ಇರಬೇಕು. ನಮ್ಮಲ್ಲಿ 4ಜಿ ಹೆಚ್ಚಾಗಿ ನಡೆಯುವುದು 1800 ಮೆಗಾಹರ್ಟ್ಸಿನ ಬ್ಯಾಂಡ್ 3, 2300ರ ಬ್ಯಾಂಡ್ 40 ಮುಂತಾದವುಗಳ ಮೇಲೆ. ನನ್ನ ಅಮೆರಿಕದ ಫೋನು ಬಲ್ಲದ್ದು 4 ಮತ್ತು 17 ಮಾತ್ರ. 3ಜಿಯ ಕಾಲಕ್ಕೆ ಇಬ್ಬರಿಗೂ 2100 ಎಂಬ ಒಂದು ಮಾತು ಸಾಮಾನ್ಯವಾಗಿತ್ತು; ಅದು ಹೋದ ಮೇಲೆ ಟವರು, ಫೋನು ಎರಡಕ್ಕೂ ಮಾತು ಬಿಟ್ಟಿತು. ಇನ್ನು 4ಜಿ ಒಂದನ್ನೇ ನಡೆಸುವ ಕಂಪನಿಯ ಸಿಮ್ ಹಾಕಿದರೆ ಬ್ಯಾಂಡ್ ಕೂಡಿದರೂ ಸಾಲದು, ಫೋನಿಗೆ ವೋಲ್ಟಿ, ಅಂದರೆ 4ಜಿಯ ಮೇಲೆಯೇ ಮಾತಾಡುವ ವಿದ್ಯೆ, ಗೊತ್ತಿರಬೇಕು. ಇಲ್ಲದಿದ್ದರೆ ಕರೆ ಹೋಗುವುದಿಲ್ಲ.

ಸುದ್ದಿ ಡಲ್ಲಾಸಿಗೆ ಮುಟ್ಟಿತು. “ಮಾಮಾ, ಮುಂದಿನ ಸಲ ಬರೂಮುಂದ ಇನ್ನೊಂದು ಅನ್‌ಲಾಕ್ ಫೋನ್ ತರ್ತೇನಿ” ಎಂದ ಅಳಿಯ. ಕರೆ ಚೆನ್ನಾಗಿ ಕೇಳುತ್ತಿತ್ತು. ಆದರೂ ‘ರೇಂಜ್ ಇಲ್ಲ’ ಎಂದು ಇಟ್ಟೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಹಳೆಯ ಫೋನಿಗೆ ಸಿಗ್ನಲ್ ಹೋದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡಿ. ಬೇರೆ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ ನೋಡಿ. ನೆಟ್‌ವರ್ಕ್ ‘ಆಟೋ’ದಲ್ಲಿದೆಯೇ ನೋಡಿ. ಅಕ್ಕಿಯನ್ನು ಅನ್ನಕ್ಕೆ ಬಿಡಿ. ಪರದೇಶದಿಂದ ಬರುವ ಮಕ್ಕಳು ‘ಫೋನು ತರಲೇ?’ ಎಂದರೆ ಅದರ ಬ್ಯಾಂಡ್ ನಂಬರು ಕೇಳಿ. ಅವರು ತಡವರಿಸಿದರೆ ಚಾಕಲೇಟು ತರಲು ಹೇಳಿ. ಅದಕ್ಕೆ ಸಿಗ್ನಲ್ ಬೇಕಾಗಿಲ್ಲ.