ರಕ್ತಪಿಪಾಸುವಿನ ಅಪ್ರೌಢತೆ: ಡೊಂಬಿವಲಿಯ ನೆಲೆಯಿಂದ ಒಂದು ಅನುಸಂಧಾನ

ಪ್ರಸ್ತುತ ಪ್ರಬಂಧವು ‘ವಾಟ್ ವಿ ಡು ಇನ್ ದ ಶ್ಯಾಡೋಸ್’ (2014) ಎಂಬ ದೃಶ್ಯಪಠ್ಯವನ್ನು ಉತ್ತರ-ಮಧ್ಯವಯಸ್ಕ, ಪೂರ್ವ-ಪ್ರೌಢ ರಕ್ತಪಾನ ಸಂಕಥನದ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನ. ವಿನಮ್ರ ಎಂದದ್ದು ರೂಢಿಗೆ. ಇನ್ನು ನಲವತ್ತು ನಿಮಿಷ ಯಾರೂ ಏಳುವಂತಿಲ್ಲ.

ತೈಕಾ ವೈಟೀಟಿ ಮತ್ತು ಜೆಮೇನ್ ಕ್ಲೆಮೆಂಟ್ ಬರೆದು, ನಿರ್ದೇಶಿಸಿ, ನಟಿಸಿದ ಈ ನ್ಯೂಜಿಲೆಂಡ್ ಚಿತ್ರದಲ್ಲಿ ವೆಲಿಂಗ್ಟನ್ನಿನ ಒಂದೇ ಮನೆಯಲ್ಲಿ ನಾಲ್ವರು ರಕ್ತಪಿಪಾಸುಗಳ ಸಂಸಾರ. ವಿಯಾಗೋಗೆ 379 ವರ್ಷ. ಸೋಫಾ ಕೊಳೆಯಾಗದಿರಲೆಂದು ಕಚ್ಚುವ ಮುಂಚೆ ಪೇಪರು ಹಾಸುವಷ್ಟು ಅಚ್ಚುಕಟ್ಟು. ಡೀಕನ್‌ಗೆ 183, ಅಂದರೆ ಹುಡುಗ. ಪಾತ್ರೆ ತೊಳೆಯುವ ಸರದಿ ಅವನದು. 5 ವರ್ಷದಿಂದ ತೊಳೆದಿಲ್ಲ. ರಕ್ತ ಒಣಗಿದ ಪಾತ್ರೆಗಳು ಸಿಂಕಿನಲ್ಲಿ ಗುಡ್ಡೆಬಿದ್ದಿವೆ.

ಅಪ್ರೌಢತೆ ತ್ರಿವಿಧ. ಅ) ಕಾಲಾತೀತ: ಸಾಯದ್ದರಿಂದ ಬೆಳೆಯದವನು. ಆ) ಕಾಲಬದ್ಧ: ಸಾಯುವವನಾದರೂ ಬೆಳೆಯದವನು. ಇದರಲ್ಲಿ ಠಾಣೆ, ಕಲ್ಯಾಣ, ನವಿ ಮುಂಬಯಿ ಎಂದು ಉಪಭೇದಗಳು. ಕೊನೆಯದಕ್ಕೆ ಪಾರ್ಕಿಂಗ್ ಉಂಟು. ಇ) ಇದು ಏನಾದರೂ ಇರಲಿ. ಮೂರಿಲ್ಲದೆ ಮಾತಾಡಿದರೆ ಸಂಕಿರಣದ ಅಧ್ಯಕ್ಷರು ಕನ್ನಡಕ ತೆಗೆದು ನೋಡುತ್ತಾರೆ.

ದೇಸಿ ಪಠ್ಯಕ್ಕೆ ಬರೋಣ. ಆದಿತ್ಯ ಸರಪೋತದಾರ್ ಅವರ ಮರಾಠಿ ಚಿತ್ರ ‘ಝೋಂಬಿವಲಿ’ (2022) ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲೇ ನಡೆಯುತ್ತದೆ. ಇಲ್ಲಿ ರಕ್ತಪಿಪಾಸುಗಳಿಲ್ಲ, ಎದ್ದುಬಂದ ಹೆಣಗಳಿವೆ. ಒಂದು ಕಡೆ ಹೊಸ ಟವರು, ಪಕ್ಕದಲ್ಲೇ ನೀರಿಲ್ಲದ ಝೋಪಡಪಟ್ಟಿ. ಆ ನೀರು ರೂಪಕವಂತೆ! ಮೇ ತಿಂಗಳಲ್ಲಿ ಟ್ಯಾಂಕರಿನವನಿಗೆ ಫೋನು ಮಾಡಿ ಕಾದವರು ಯಾರೂ ಹಾಗೆ ಹೇಳಲಾರರು.

ರಕ್ತವೂ ರೂಪಕವೇ ಇರಬೇಕು. 2025ರ ಜೂನ್ 9, ಸೋಮವಾರ ಬೆಳಿಗ್ಗೆ, ಮುಂಬ್ರಾದ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರು ಹಾದವು. ಒಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಕೆಲವರು ಸತ್ತರು. ಹೊಟ್ಟೆಪಾಡಿಗೆ ಹೊರಟವರು. ಅದರಲ್ಲಿ ಯಾವ ‘ಆಧುನಿಕೋತ್ತರ ದೇಹ’ ಕಂಡಿತು ನಿಮಗೆ? ಮರುದಿನವೂ ಅದೇ ಲೋಕಲ್, ಅದೇ ಬಾಗಿಲು, ಬೇರೆ ಕೈಗಳು.

ಇರಲಿ, ಪಾತ್ರೆಯ ವಿಷಯ ಬಾಕಿ ಇದೆ. ರಕ್ತಪಿಪಾಸುಗಳ ಚಿತ್ರದಲ್ಲಿ ಜಾಕಿ ಎಂಬ ಗೃಹಿಣಿಯಿದ್ದಾಳೆ, ಮಕ್ಕಳ ತಾಯಿ. ಡೀಕನ್ ತನ್ನನ್ನೂ ಅಮರಳಾಗಿಸಿಯಾನು ಎಂಬ ಆಸೆಗೆ ಅವನ ಮನೆಯ ರಕ್ತದ ಕಲೆ ಉಜ್ಜುತ್ತಾಳೆ. ಡೀಕನ್ ‘ಇಂದು ನಾಳೆ’ ಎನ್ನುತ್ತಲೇ ಇದ್ದಾನೆ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ, ಅವನ ತುಂಟತನಕ್ಕೆ. ಸಂಜೆ ಲೇಡೀಸ್ ಡಬ್ಬಿಯಲ್ಲಿ ಬನ್ನಿ: ಘಾಟ್ಕೋಪರ್ ದಾಟಿದ ಮೇಲೆ ಸಿಕ್ಕ ಸೀಟಿನ ತುದಿಯಲ್ಲಿ ಕೂತು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಹರಡಿ, ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾಳೆ ಒಬ್ಬಾಕೆ. ಮನೆಯಲ್ಲಿ ಐವತ್ತರ ಹುಡುಗ ಸೋಫಾದಿಂದಲೇ “ಏನು ಅಡಿಗೆ?” ಎಂದು ಕೇಳಲಿಕ್ಕಿದ್ದಾನೆ.

ಆಕೆಯ ಬಗ್ಗೆ ಸಂಕಿರಣದಲ್ಲಿ ಯಾರೂ ಪ್ರಬಂಧ ಓದಲಿಲ್ಲ. ಓದಿದ್ದರೂ ಆಕೆಗೆ ಕೇಳುತ್ತಿರಲಿಲ್ಲ. ಸಭಾಂಗಣದ ಹಿಂದೆ ನಮ್ಮ ಉಪ್ಪಿಟ್ಟಿನ ತಟ್ಟೆ ಎಣಿಸುತ್ತಿದ್ದಳು.