ಶಂಕುವಿನ ಹೊಟ್ಟೆಗೆ ಜೋಳ ಎಷ್ಟು?

ಘನಾಕೃತಿಗಳ ಪಾಠಕ್ಕೆ ಕರಿಹಲಗೆ ತಕ್ಕ ಜಾಗವಲ್ಲ. ಅಲ್ಲಿ ಬರೆದ ಗೋಳ ರೊಟ್ಟಿಯಂತೆ ಕಾಣುತ್ತದೆ, ಘನ ಒದೆ ತಿಂದ ಪೆಟ್ಟಿಗೆಯಂತೆ. ಕೈಗೆ ಕೊಟ್ಟಾಗಲೇ ಆಕೃತಿಗೆ ಮೈ ಬರುವುದು. ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ಬಂದಿದೆ, ಕಪಾಟಿನ ಬೀಗದ ಕೈ ಸಿಕ್ಕ ದಿನ ಅದು ಹೊರಬರುವುದೂ ಉಂಟು.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಕಿಟ್ ಇಲ್ಲದಿದ್ದರೂ ನಡೆದೀತು. ರಾಯಬಾಗ, ಅಥಣಿ, ಕಾಗವಾಡ ಕಬ್ಬಿನ ಸೀಮೆ. ಕಬ್ಬಿನ ತುಂಡು ಸಿಲಿಂಡರ್. ಬಕೀಟಿನ ಆಕಾರದ ಬೆಲ್ಲದ ಪೆಂಟಿ ತಲೆ ಕತ್ತರಿಸಿದ ಶಂಕು, ಪುಸ್ತಕದ ಭಾಷೆಯಲ್ಲಿ ‘ಶಂಕುವಿನ ಭಿನ್ನಕ’. ತೊಂದರೆ ಒಂದೇ: ಅಳತೆ ಮುಗಿಯುವುದರೊಳಗೆ ಘನಫಲ ಕಡಿಮೆಯಾಗಿರುತ್ತದೆ. ಒಂದು ತುದಿ ಸಣ್ಣದಾದ ನಿಪ್ಪಾಣಿಯ ಬೀಡಿಯೂ ಭಿನ್ನಕವೇ. ಅದನ್ನು ತರಗತಿಗೆ ತಂದವರು ಮಾತ್ರ ಉತ್ತರವನ್ನು ಬೇರೆ ಕಡೆ ಕೊಡಬೇಕಾದೀತು.

ಎಲ್ಲಕ್ಕಿಂತ ಸೊಗಸು ಜೋಳದ ಪ್ರಯೋಗ. ಒಂದೇ ಅಳತೆಯ ಪಾದ, ಒಂದೇ ಎತ್ತರ ಇರುವ ರಟ್ಟಿನ ಶಂಕು, ಸಿಲಿಂಡರ್ ಮಾಡಿ, ಶಂಕುವಿನಲ್ಲಿ ಜೋಳ ಅಳೆದು ಸಿಲಿಂಡರಿಗೆ ಸುರಿಯಬೇಕು. ಎರಡು ಸಲಕ್ಕೆ ತುಂಬೀತೆಂದು ಇಡೀ ತರಗತಿ ಪಂತ ಕಟ್ಟುತ್ತದೆ. ತುಂಬುವುದು ಮೂರನೇ ಸಲಕ್ಕೆ. ಶಂಕುವಿನ ಘನಫಲದ ಸೂತ್ರದಲ್ಲಿ ಮೂರರಲ್ಲೊಂದು ಎಲ್ಲಿಂದ ಬಂತೆಂದು ಆಮೇಲೆ ಯಾರೂ ಕೇಳುವುದಿಲ್ಲ. ಚೆಲ್ಲಿದ ಜೋಳ ಆರಿಸುವ ಕೆಲಸ ಮಾತ್ರ ಪಠ್ಯಕ್ರಮದಲ್ಲಿಲ್ಲ.